ತಂತಿಯಿಲ್ಲದ ಮೈಕೂ ಪರನಾಡಿನ ದನಿಯೂ

ಮನುಷ್ಯನ ಮುಖವನ್ನು ಹಿಡಿದಿಡುವ ಕಲೆ ನಮ್ಮ ಮನೆಗಳಿಗೆ ಬಂದು ಬಹುಕಾಲವಾಯಿತು. ಗೋಡೆಯ ಮೇಲೆ ಅಜ್ಜ ಅಜ್ಜಿಯರ ಭಾವಚಿತ್ರ ತೂಗದ ಮನೆ ವಿರಳ. ಆದರೆ ಆ ಅಜ್ಜನ ದನಿ ಹೇಗಿತ್ತು, ಆ ಅಜ್ಜಿ ಮೊಮ್ಮಗುವನ್ನು ಏನೆಂದು ಕರೆಯುತ್ತಿದ್ದಳು ಎಂದು ಮಕ್ಕಳು ಕೇಳಿದರೆ ತೋರಿಸಲು ನಮ್ಮ ಕೈಯಲ್ಲಿ ಏನೂ ಇರುವುದಿಲ್ಲ. ಊರಿನಲ್ಲಿರುವವರಿಗೆ ಈ ಕೊರತೆ ಅಷ್ಟಾಗಿ ತಟ್ಟದು. ಅಜ್ಜಿ ಹೋದರೂ ಅವಳ ಮಾತಿನ ಬಗೆ ಸಂತೆಯಲ್ಲಿ, ಬಾವಿಕಟ್ಟೆಯಲ್ಲಿ, ದೇವಸ್ಥಾನದ ಜಗಲಿಯಲ್ಲಿ ಉಳಿದೇ ಇರುತ್ತದೆ. ಗುಜರಾತಿನಲ್ಲಿ ನೆಲೆಸಿದ ನಮ್ಮ ಸ್ಥಿತಿ ಬೇರೆ. ಇಲ್ಲಿ ಒಬ್ಬ ಹಿರಿಯರು ತೀರಿಕೊಂಡರೆಂದರೆ ಆ ಮನೆಯ ಕನ್ನಡದಲ್ಲಿ ಅರ್ಧ ಪಾಲು ಅವರೊಡನೆ ಹೊರಟುಹೋಯಿತೆಂದೇ ತಿಳಿಯಬೇಕು.

ಈ ಮಾತು ನಮ್ಮ ಮನಸ್ಸಿನಲ್ಲಿ ಗಟ್ಟಿಯಾದುದು, ಕರ್ನಾಟಕದಿಂದ ಬಂದ ಕೆಲವು ತರುಣ ಮಿತ್ರರೊಡನೆ ಅಹಮದಾಬಾದು, ವಡೋದರಾ, ಸೂರತ್ತುಗಳಲ್ಲಿ ಸಂಚರಿಸಿದಾಗ. ಪರನಾಡಿನ ಕನ್ನಡ ಕುಟುಂಬಗಳನ್ನು ಕುರಿತು ಒಂದು ಸಣ್ಣ ಸಾಕ್ಷ್ಯಚಿತ್ರ ಮಾಡುವುದು ಅವರ ಉದ್ದೇಶವಾಗಿತ್ತು. ಕ್ಯಾಮರಾಕ್ಕಿಂತ ಹೆಚ್ಚಿನ ಎಚ್ಚರದಿಂದ ಅವರು ಕಾಪಾಡುತ್ತಿದ್ದುದು ಬೆಂಕಿಪೊಟ್ಟಣದಷ್ಟು ದೊಡ್ಡದಾದ ಎರಡು ನಿಸ್ತಂತು ಮೈಕುಗಳನ್ನು. ಆ ಪುಟ್ಟ ಯಂತ್ರಗಳ ಗುಣದೋಷಗಳನ್ನೂ, ಅವು ನಮ್ಮಂಥವರಿಗೆ ಒದಗಿಬರುವ ಬಗೆಯನ್ನೂ ವಾಚಕರ ಮುಂದಿಡುವುದು ಉಚಿತವೆಂದು ತೋರಿತು. ಏಕೆಂದರೆ ಇಂದು ಇಂಥ ಮೈಕು ಕೊಳ್ಳಲು ಚಿತ್ರೋದ್ಯಮಿಯೇ ಆಗಬೇಕಾಗಿಲ್ಲ; ಮನೆಯ ಹುಡುಗನ ಫೋನಿಗೂ ಅದು ಹೊಂದಿಕೊಳ್ಳುತ್ತದೆ.

ದೂರದ ಲೆಕ್ಕ

ಮೈಕಿಗೆ ತಂತಿ ಬೇಡವೆನ್ನುವುದು ಬರಿಯ ಸೌಕರ್ಯದ ಮಾತಲ್ಲ. ಬಯಲಿನಲ್ಲಿ ಬಾಯಿಗೂ ಮೈಕಿಗೂ ನಡುವಣ ಅಂತರ ಇಮ್ಮಡಿಯಾದಾಗಲೆಲ್ಲ ದನಿಯ ಮಟ್ಟ ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಎದೆಯ ಮೇಲೆ, ಬಾಯಿಂದ ಒಂದು ಗೇಣು ದೂರದಲ್ಲಿರುವ ಮೈಕನ್ನು ಕ್ಯಾಮರಾದ ನೆತ್ತಿಗೆ, ಅಂದರೆ ನಾಲ್ಕು ಮೀಟರು ಆಚೆಗೆ ಒಯ್ದರೆ ಮಾತಿನ ಮಟ್ಟ 25 ಡೆಸಿಬೆಲ್‌ನಷ್ಟು ಕುಸಿಯುತ್ತದೆ. ಸುತ್ತಲಿನ ಗದ್ದಲವಾದರೋ ಇದ್ದಷ್ಟೇ ಇರುತ್ತದೆ. ಆಟೋರಿಕ್ಷಾದ ಹಾರನ್ನು, ಪಂಖದ ಗಾಳಿ, ಪಕ್ಕದ ಮನೆಯ ದೂರದರ್ಶನ ಇವೆಲ್ಲ ಮೇಲೆ ನಿಂತು ಮಾತು ತಳಸೇರುತ್ತದೆ. ಮೈಕು ಮಾತಾಡುವವರ ಮೈಮೇಲೇ ಇರಬೇಕೆಂಬುದು ಈ ಲೆಕ್ಕದಿಂದ ಬಂದ ನಿಯಮ. ಆದರೆ ತಂತಿ ಕಟ್ಟಿಸಿಕೊಂಡವರು ಕುಳಿತಲ್ಲೇ ಕುಳಿತಿರಬೇಕು. ಅಡುಗೆ ಮಾಡುತ್ತ, ಅಂಗಡಿಯ ಬಾಗಿಲು ತೆರೆಯುತ್ತ, ಬೀದಿಯಲ್ಲಿ ನಡೆಯುತ್ತ ಆಡುವ ಮಾತನ್ನು ಹಿಡಿಯಬೇಕಾದರೆ ತಂತಿ ಹೋಗಲೇಬೇಕು.

ಈ ಪ್ರಯತ್ನ ಹೊಸದೇನಲ್ಲ. ಅಮೆರಿಕದ ಶೂರ್ ಸಂಸ್ಥೆ 1953ರಲ್ಲಿ ‘ವ್ಯಾಗಬಾಂಡ್’ ಎಂಬ ನಿಸ್ತಂತು ಮೈಕನ್ನು ಹೊರತಂದಿತು. ಜರ್ಮನಿಯ ಸೆನ್‌ಹೈಸರ್ ಸಂಸ್ಥೆಯ ‘ಮೈಕ್ರೋಪೋರ್ಟ್’ 1957ರಲ್ಲಿ ಕಾಣಿಸಿಕೊಂಡಿತು. 1964ರ ‘ಮೈ ಫೇರ್ ಲೇಡಿ’ ಚಿತ್ರದಲ್ಲಿ ರೆಕ್ಸ್ ಹ್ಯಾರಿಸನ್ನರು ಮೊದಲೇ ಮುದ್ರಿಸಿದ ಹಾಡಿಗೆ ತುಟಿಯಾಡಿಸಲು ಒಪ್ಪದೆ ಹೋದುದರಿಂದ ಅವರ ಟೈಯ ಹಿಂದೆ ನಿಸ್ತಂತು ಮೈಕನ್ನು ಅಡಗಿಸಬೇಕಾಯಿತು. ಸಾಕ್ಷ್ಯಚಿತ್ರಕಾರರಿಗೆ ಇದಕ್ಕೂ ಮಿಗಿಲಾದ ಉಪಕಾರ ಮಾಡಿದವರು ಸ್ವಿಟ್ಜರ್ಲೆಂಡಿನಲ್ಲಿ ನೆಲೆಸಿದ ಪೋಲೆಂಡ್ ಮೂಲದ ಸ್ಟೀಫನ್ ಕುಡೆಲ್‌ಸ್ಕಿ. 1958ರಲ್ಲಿ ಬಂದ ಅವರ ‘ನಾಗ್ರಾ 3’ ಎಂಬ ಹೆಗಲಿಗೇರಿಸುವ ಧ್ವನಿಮುದ್ರಣ ಯಂತ್ರದಿಂದ ಚಿತ್ರತಂಡಗಳು ಸ್ಟುಡಿಯೋ ಬಿಟ್ಟು ಜನರ ನಡುವೆ ಇಳಿಯಲು ಸಾಧ್ಯವಾಯಿತು. ತಾಯ್ನಾಡಿನಿಂದ ದೂರ ಬಂದ ಪೋಲೆಂಡಿನವನೊಬ್ಬ ಲೋಕದ ಮಾತನ್ನೆಲ್ಲ ಹಿಡಿಯುವ ಯಂತ್ರ ಮಾಡಿದನೆಂಬುದು ನಮ್ಮಂಥ ವಲಸಿಗರಿಗೆ ಸಂತೋಷ ಕೊಡತಕ್ಕ ಸಂಗತಿ.

ಅಹಮದಾಬಾದಿನಿಂದ ಹಾರಿದ ಕನ್ನಡ

ಗಾಳಿಯಲ್ಲಿ ದನಿಯನ್ನು ಕಳುಹಿಸುವ ವಿದ್ಯೆಗೂ ಕನ್ನಡಿಗರಿಗೂ ಹಳೆಯ ನಂಟಿದೆ. ಮೈಸೂರಿನ ಮನಶ್ಶಾಸ್ತ್ರ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ನಡೆಸಲು ಆರಂಭಿಸಿದ ಬಾನುಲಿಯ ಹೆಸರಾದ ‘ಆಕಾಶವಾಣಿ’ ಮುಂದೆ ಇಡೀ ದೇಶದ ಬಾನುಲಿಯ ಹೆಸರಾಯಿತು. ಈ ನಂಟಿನ ಇನ್ನೊಂದು ತುದಿ ಅಹಮದಾಬಾದಿನಲ್ಲಿದೆಯೆಂಬುದು ಮಾತ್ರ ಈ ಊರಿನ ನಮ್ಮ ಮಕ್ಕಳಲ್ಲಿ ಬಹುಮಂದಿಗೆ ತಿಳಿಯದು.

1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಒಂದು ವರ್ಷ ಕಾಲ ಅಮೆರಿಕದ ಎಟಿಎಸ್-6 ಉಪಗ್ರಹದ ನೆರವಿನಿಂದ ಭಾರತದಲ್ಲಿ ‘ಸೈಟ್’ ಎಂಬ ದೂರದರ್ಶನ ಪ್ರಯೋಗ ನಡೆಯಿತು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳು ಅದರಲ್ಲಿ ಸೇರಿದ್ದುವು. ನಮ್ಮ ರಾಜ್ಯದ ಪಾಲಿಗೆ ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಹಳ್ಳಿಗಳು ಬಂದುವು. ವಿದ್ಯುಚ್ಛಕ್ತಿಯ ಮುಖವನ್ನೇ ಅಪರೂಪಕ್ಕೆ ಕಂಡಿದ್ದ ಊರುಗಳಲ್ಲಿ ಜನರು ಸಂಜೆ ಗುಂಪುಗೂಡಿ ಕನ್ನಡದ ಕಾರ್ಯಕ್ರಮ ನೋಡಿದರು. ಉಪಗ್ರಹಕ್ಕೆ ಸಂಕೇತವನ್ನು ಏರಿಸುತ್ತಿದ್ದ ಮುಖ್ಯ ಭೂಕೇಂದ್ರವಿದ್ದುದು ಅಹಮದಾಬಾದಿನಲ್ಲಿ. ಈ ಕನಸನ್ನು ಕಂಡ ವಿಕ್ರಮ ಸಾರಾಭಾಯಿಯವರು ಈ ಊರಿನವರೇ; ಅದು ನನಸಾಗುವ ಮುನ್ನವೇ, 1971ರ ಡಿಸೆಂಬರ್ 30ರಂದು ತೀರಿಕೊಂಡರು. ಉಡುಪಿಯ ಬಳಿಯ ಅದಮಾರಿನ ಯು. ಆರ್. ರಾಯರು ಸಂಶೋಧಕರಾಗಿ ಬೆಳೆದದ್ದು ಅವರ ಕೈಕೆಳಗೆ, ಇದೇ ನಗರದ ಭೌತ ಸಂಶೋಧನಾಲಯದಲ್ಲಿ.

ಆ ಪ್ರಯೋಗದ ಒಂದು ಏರ್ಪಾಟು ನಮ್ಮ ವಿಷಯಕ್ಕೆ ಬಹಳ ಸಮೀಪದ್ದು. ಸುಮಾರು 860 ಮೆಗಾಹರ್ಟ್ಸ್ ಕಂಪನಾಂಕದಲ್ಲಿ ಉಪಗ್ರಹದಿಂದ ಇಳಿದು ಬರುತ್ತಿದ್ದ ಒಂದೇ ಚಿತ್ರದೊಡನೆ ಎರಡು ಧ್ವನಿವಾಹಿನಿಗಳನ್ನು ಕಟ್ಟಲಾಗಿತ್ತು. ಹೀಗಾಗಿ ಒಂದೇ ಚಿತ್ರವನ್ನು ಆಂಧ್ರದ ಹಳ್ಳಿಯಲ್ಲಿ ತೆಲುಗಿನಲ್ಲಿಯೂ ರಾಯಚೂರಿನ ಹಳ್ಳಿಯಲ್ಲಿ ಕನ್ನಡದಲ್ಲಿಯೂ ಕೇಳುವುದು ಸಾಧ್ಯವಾಯಿತು. ಚಿತ್ರ ಇಬ್ಬರಿಗೂ ಸೇರಿದ್ದು, ದನಿ ಮಾತ್ರ ಅವರವರದು. ಮನುಷ್ಯನಿಗೆ ತನ್ನದೆನಿಸುವುದು ಕಣ್ಣಿಗೆ ಬಿದ್ದ ನೋಟಕ್ಕಿಂತ ಕಿವಿಗೆ ಬಿದ್ದ ನುಡಿ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ಮೂರು ನಗರ, ಮೂರು ಪರೀಕ್ಷೆ

ಈಗ ನಮ್ಮ ಮಿತ್ರರ ಮೈಕುಗಳ ವಿಷಯಕ್ಕೆ ಬರೋಣ. ಅವು 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಕೆಲಸ ಮಾಡುವಂಥವು. ಈ ಪಟ್ಟಿಯ ಅಲೆಯ ಉದ್ದ ಸುಮಾರು ಹನ್ನೆರಡೂವರೆ ಸೆಂಟಿಮೀಟರು. ಇಂಥ ಅಲೆಗಳನ್ನು ನೀರು ಚೆನ್ನಾಗಿ ಹೀರಿಕೊಳ್ಳುತ್ತದೆ. ಮನುಷ್ಯನ ಮೈಯೋ ಬಹುಪಾಲು ನೀರೇ. ಆದುದರಿಂದ ಮೈಕು ಧರಿಸಿದವರು ಕ್ಯಾಮರಾಕ್ಕೆ ಬೆನ್ನು ತಿರುಗಿಸಿದರೆಂದರೆ ದನಿ ತುಂಡಾಗುವ ಭಯ ಉಂಟು. ಮನೆಮನೆಯ ವೈಫೈ, ಬ್ಲೂಟೂತ್‌ಗಳು ಓಡಾಡುವುದೂ ಇದೇ ಹಾದಿಯಲ್ಲಿ.

ಅಹಮದಾಬಾದಿನ ಕೋಟೆಯೊಳಗಣ ಹಳೆಯ ಪಟ್ಟಣಕ್ಕೆ 2017ರಲ್ಲಿ ವಿಶ್ವಪರಂಪರೆಯ ನಗರವೆಂಬ ಗೌರವ ದೊರೆಯಿತು. ಅಲ್ಲಿಯ ‘ಪೋಳ್’ಗಳೆಂಬ ಕೇರಿಗಳು ಎರಡು ಸೈಕಲ್ಲುಗಳು ಎದುರುಬದುರಾದರೆ ಒಂದು ನಿಂತುಕೊಳ್ಳಬೇಕಾದಷ್ಟು ಕಿರಿದು. ಆ ದಪ್ಪ ಗೋಡೆಗಳ ನಡುವೆ ಒಬ್ಬ ಹಿರಿಯ ಕನ್ನಡಿಗರು ತಾವು ಮೊದಲು ಬಾಡಿಗೆಗಿದ್ದ ಮನೆಯನ್ನು ತೋರಿಸುತ್ತ ನಡೆದರು. ಮೂಲೆ ತಿರುಗಿದೊಡನೆ ಅವರ ದನಿ ಕ್ಯಾಮರಾದವನ ಕಿವಿಯಲ್ಲಿ ನಿಂತುಹೋಯಿತು. ಆದರೂ ಆ ಮಾತು ಕಳೆದುಹೋಗಲಿಲ್ಲ. ಇತ್ತೀಚಿನ ಕೆಲವು ಮೈಕುಗಳಲ್ಲಿ ಅಲೆಯ ಮೂಲಕ ಕಳುಹಿಸುವ ಜೊತೆಗೆ ತನ್ನ ಹೊಟ್ಟೆಯೊಳಗೇ ಒಂದು ಪ್ರತಿಯನ್ನು ಬರೆದಿಡುವ ಏರ್ಪಾಟಿರುತ್ತದೆ. ಸಂಜೆ ಆ ಪ್ರತಿಯನ್ನು ತೆಗೆದು ಚಿತ್ರಕ್ಕೆ ಹೊಂದಿಸಿದಾಗ ಒಂದಕ್ಷರವೂ ತಪ್ಪಿರಲಿಲ್ಲ. ಕೊಳ್ಳುವವರು ಈ ಒಂದು ಗುಣವನ್ನು ಮೊದಲು ವಿಚಾರಿಸಬೇಕೆಂಬುದು ನಮ್ಮ ಸಲಹೆ. ಚಿತ್ರೀಕರಣದ ಆರಂಭದಲ್ಲಿ ಕ್ಯಾಮರಾದ ಮುಂದೆ ಒಮ್ಮೆ ಚಪ್ಪಾಳೆ ತಟ್ಟಿದರೆ ಚಿತ್ರಕ್ಕೂ ದನಿಗೂ ಗಂಟು ಹಾಕುವುದು ಸುಲಭ.

ವಡೋದರೆಯ ಪರೀಕ್ಷೆ ಬೇರೆ ಬಗೆಯದು. ಇಲ್ಲಿ ಪ್ರಧಾನ ಕಚೇರಿಯುಳ್ಳ ಬ್ಯಾಂಕ್ ಆಫ್ ಬರೋಡಾದಲ್ಲಿ, 1931ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ವಿಜಯಾ ಬ್ಯಾಂಕು 2019ರ ಏಪ್ರಿಲ್ 1ರಂದು ವಿಲೀನವಾದುದು ಕರಾವಳಿಯ ಮನೆಗಳಲ್ಲೆಲ್ಲ ಚರ್ಚೆಯಾದ ವಿಷಯ. ಬ್ಯಾಂಕು, ಕಾರ್ಖಾನೆ, ವಿಶ್ವವಿದ್ಯಾನಿಲಯಗಳ ಉದ್ಯೋಗ ಹಿಡಿದು ಬಂದ ನಮ್ಮವರು ಈ ಊರಿನಲ್ಲಿದ್ದಾರೆ. ನವರಾತ್ರಿ ಬಂತೆಂದರೆ ವಡೋದರೆಯ ಗರ್ಬಾ ಮೈದಾನಗಳಲ್ಲಿ ಹಾಡುಗಾರರ, ನಿರೂಪಕರ ನಿಸ್ತಂತು ಮೈಕುಗಳು ರಾತ್ರಿಯಿಡೀ ಮೊಳಗುತ್ತವೆ. ಅಂಥ ಕಡೆ ಹತ್ತಿರ ಹತ್ತಿರದ ಎರಡು ಕಂಪನಾಂಕಗಳು ಬೆರೆತು ಮೂರನೆಯದೂ ನಾಲ್ಕನೆಯದೂ ಹುಟ್ಟುವುದುಂಟು. 520 ಹಾಗೂ 521 ಮೆಗಾಹರ್ಟ್ಸ್‌ಗಳಲ್ಲಿ ಎರಡು ಮೈಕುಗಳಿದ್ದರೆ 519ರಲ್ಲಿಯೂ 522ರಲ್ಲಿಯೂ ಅವುಗಳ ಕಲಬೆರಕೆ ಏಳುತ್ತದೆ. ಅಲ್ಲಿ ಮೂರನೆಯವನು ಮೈಕು ಹಚ್ಚಿದರೆ ಅವನಿಗೆ ಕೇಳುವುದು ಬರಿಯ ಕಿರಿಚಾಟ. ವೇದಿಕೆಯವರನ್ನು ಮೊದಲೇ ಕಂಡು, ಅವರು ಯಾವ ಕಂಪನಾಂಕ ಬಳಸುತ್ತಾರೆಂದು ಕೇಳಿ, ತಮ್ಮದನ್ನು ದೂರ ಸರಿಸಿಕೊಳ್ಳುವುದೇ ಇದಕ್ಕೆ ಪರಿಹಾರ.

ಸೂರತ್ತಿನಲ್ಲಿ ಯಂತ್ರವಿದ್ಯೆ ಸೋತು ಬುದ್ಧಿವಂತಿಕೆ ಗೆಲ್ಲಬೇಕಾಯಿತು. ಅಲ್ಲಿಯ ವಿದ್ಯುನ್ಮಗ್ಗಗಳ ಕೊಠಡಿಯೊಳಗಿನ ಸದ್ದು ನೂರು ಡೆಸಿಬೆಲ್ಲಿಗೆ ಸಮೀಪಿಸುತ್ತದೆ. ಮನುಷ್ಯನ ಸಾಧಾರಣ ಮಾತು ಒಂದು ಮೀಟರಿನಲ್ಲಿ ಅರವತ್ತರ ಆಸುಪಾಸು; ಎದೆಯ ಮೈಕಿಗೂ ಎಪ್ಪತ್ತನ್ನು ಸ್ವಲ್ಪ ಮೀರಬಹುದು. ಸಮುದ್ರದ ಮುಂದೆ ಕೊಳಲೂದಿದಂತೆ. ತಂತಿಯಿರಲಿ ಇಲ್ಲದಿರಲಿ, ಯಾವ ಮೈಕೂ ಅಲ್ಲಿ ಮಾತನ್ನು ಬಿಡಿಸಿಕೊಡಲಾರದು. ಮಿತ್ರರು ಮಗ್ಗದ ಸದ್ದನ್ನು ಬೇರೆಯಾಗಿ ಎರಡು ನಿಮಿಷ ಮುದ್ರಿಸಿಕೊಂಡು, ಮಾತನ್ನು ಹೊರಗಣ ಚಹಾದಂಗಡಿಯ ಹಿಂದೆ ಮುದ್ರಿಸಿಕೊಂಡರು. ನಮ್ಮವರ ಹೋಟೆಲಿನ ಅಡುಗೆಮನೆಯಲ್ಲಿಯೂ ಇದೇ ಕತೆ. ರುಬ್ಬುವ ಯಂತ್ರ, ಹೊಗೆ ತೆಗೆಯುವ ಪಂಖ, ಪಾತ್ರೆಗಳ ಗಲಗಲ, ದೋಸೆಯ ಕಾವಲಿಯ ಮೇಲೆ ನೀರು ಚಿಮುಕಿಸಿದ ಚುಂಯ್ ಸದ್ದು. ರುಬ್ಬುವ ಯಂತ್ರವನ್ನು ಹತ್ತು ನಿಮಿಷ ನಿಲ್ಲಿಸಿರೆಂದು ವಿನಯದಿಂದ ಕೇಳಿದಾಗ ಯಜಮಾನರು ನಕ್ಕು ಒಪ್ಪಿದರು. ಕಾವಲಿಯ ಸದ್ದನ್ನು ಮಾತ್ರ ಯಾರೂ ನಿಲ್ಲಿಸಹೇಳಲಿಲ್ಲ. ಅದಿಲ್ಲದಿದ್ದರೆ ಆ ಹಿರಿಯ ಅಡುಗೆಯವರ ಕುಂದಾಪುರದ ಮಾತಿಗೆ ಮನೆಯೇ ಇಲ್ಲದಂತಾಗುತ್ತಿತ್ತು.

ಇನ್ನು ಉಡುಪಿನ ಮಾತು. ರೇಶ್ಮೆ ಸೀರೆಯ ಸೆರಗು ಮೈಕಿಗೆ ತಾಗಿದರೆ ಮಳೆ ಸುರಿದಂತೆ ಕೇಳುತ್ತದೆ. ಹತ್ತಿಯ ಬಟ್ಟೆ ಮೃದು. ಕರಿಮಣಿ ಸರ, ಬಳೆಗಳು ತಾಗುವಲ್ಲಿ ಮೈಕು ಇರಕೂಡದು. ಹೆಂಗಸರಿಗೆ ಮೈಕು ಸಿಕ್ಕಿಸುವ ಕೆಲಸವನ್ನು ಮನೆಯ ಸೊಸೆಗೋ ಮಗಳಿಗೋ ಒಪ್ಪಿಸುವುದೇ ಮರ್ಯಾದೆ. 2016ರ ಮೇ ತಿಂಗಳಲ್ಲಿ 48 ಡಿಗ್ರಿ ಸೆಲ್ಸಿಯಸ್ ಮುಟ್ಟಿದ ಅಹಮದಾಬಾದಿನಂಥ ಊರಿನಲ್ಲಿ ಬೆವರೂ ಬಿಸಿಲೂ ಮೈಕಿಗೂ ಬ್ಯಾಟರಿಗೂ ಶತ್ರುಗಳು. ಚಳಿಗಾಲದ ಬೆಳಗಿನ ಹೊತ್ತೇ ಇಲ್ಲಿ ಪ್ರಶಸ್ತ.

ಹೊರದೇಶದಿಂದ ತಂದ ಮೈಕು

ನಮ್ಮ ಬಹಳ ಮನೆಗಳ ಮಕ್ಕಳು ಅಮೆರಿಕದಲ್ಲಿಯೋ ಕೊಲ್ಲಿ ದೇಶಗಳಲ್ಲಿಯೋ ಇದ್ದಾರೆ. ರಜೆಗೆ ಬರುವಾಗ ಇಂಥ ಯಂತ್ರಗಳನ್ನು ಉಡುಗೊರೆಯಾಗಿ ತರುವುದೂ ಉಂಟು. ಅವರಿಗೆ ಒಂದು ಎಚ್ಚರಿಕೆ ಹೇಳಬೇಕಾಗಿದೆ. ಆಕಾಶಕ್ಕೆ ಗಡಿಯಿಲ್ಲವೆಂಬುದು ಕವಿವಾಕ್ಯವಾಗಬಹುದೇ ಹೊರತು ಕಂಪನಾಂಕಗಳ ಮಟ್ಟಿಗೆ ನಿಜವಲ್ಲ. ಅಮೆರಿಕದಲ್ಲಿ 700 ಮೆಗಾಹರ್ಟ್ಸ್ ಪಟ್ಟಿಯಿಂದ ನಿಸ್ತಂತು ಮೈಕುಗಳನ್ನು 2010ರಲ್ಲಿಯೂ, 600ರ ಪಟ್ಟಿಯ ಹೆಚ್ಚಿನ ಭಾಗದಿಂದ 2020ರಲ್ಲಿಯೂ ಹೊರಡಿಸಿ ಆ ಜಾಗವನ್ನು ಫೋನು ಕಂಪೆನಿಗಳಿಗೆ ಕೊಡಲಾಯಿತು. ಅಲ್ಲಿ ಬೇಡವಾದ ಹಳೆಯ ಮೈಕುಗಳು ಅಗ್ಗದ ಬೆಲೆಗೆ ಸಿಗುತ್ತವೆಂದು ಇಲ್ಲಿಗೆ ತಂದರೆ ಲಾಭವಿಲ್ಲ. ಭಾರತದಲ್ಲಿಯೂ 700 ಮೆಗಾಹರ್ಟ್ಸ್ ಪಟ್ಟಿ 2022ರ ಹರಾಜಿನಲ್ಲಿ ಐದನೆಯ ಪೀಳಿಗೆಯ ಫೋನು ಸೇವೆಗೆ ಮಾರಾಟವಾಗಿದೆ. ಇನ್ನೊಂದು ಬಗೆಯ ಡಿಜಿಟಲ್ ಮೈಕುಗಳು ಯೂರೋಪಿನಲ್ಲಿ 1880ರಿಂದ 1900 ಮೆಗಾಹರ್ಟ್ಸ್‌ಗಳಲ್ಲಿ, ಅಮೆರಿಕದಲ್ಲಿ 1920ರಿಂದ 1930ರಲ್ಲಿ ನಡೆಯುತ್ತವೆ. ಒಂದು ದೇಶದಲ್ಲಿ ನ್ಯಾಯವಾದುದು ಇನ್ನೊಂದರಲ್ಲಿ ಅಪರಾಧವಾಗಬಹುದು.

ನಮ್ಮ ದೇಶದಲ್ಲಿ ಈ ಹಂಚಿಕೆಯನ್ನು ನೋಡಿಕೊಳ್ಳುವುದು ದೂರಸಂಪರ್ಕ ಇಲಾಖೆಯ ನಿಸ್ತಂತು ಯೋಜನಾ ವಿಭಾಗ. 2400ರಿಂದ 2483.5 ಮೆಗಾಹರ್ಟ್ಸ್‌ವರೆಗಿನ ಪಟ್ಟಿಯಲ್ಲಿ ಗೊತ್ತುಪಡಿಸಿದ ಶಕ್ತಿಯ ಮಿತಿಯೊಳಗಿರುವ ಉಪಕರಣಕ್ಕೆ ಬಳಸುವವರು ಪ್ರತ್ಯೇಕ ಲೈಸೆನ್ಸು ಪಡೆಯಬೇಕಾಗಿಲ್ಲ. ಆದರೆ ಆ ಮಾದರಿಯ ಉಪಕರಣಕ್ಕೆ ಇಲಾಖೆಯ ಒಪ್ಪಿಗೆ ಇರಬೇಕು. ಹಾಗೆಯೇ ಇಲ್ಲಿಂದ ಹೊರದೇಶಕ್ಕೆ ಚಿತ್ರೀಕರಣಕ್ಕೆ ಹೊರಡುವವರು ಆ ದೇಶದ ಪಟ್ಟಿಯನ್ನು ಮೊದಲು ತಿಳಿದುಕೊಳ್ಳಬೇಕು, ಯಂತ್ರಗಳ ಕ್ರಮಸಂಖ್ಯೆಗಳನ್ನು ಹೊರಡುವಾಗಲೇ ಸುಂಕದ ಅಧಿಕಾರಿಗಳಲ್ಲಿ ದಾಖಲು ಮಾಡಿಸಬೇಕು. ಇಲ್ಲವಾದರೆ ಹಿಂದಿರುಗುವಾಗ ತಮ್ಮದೇ ಸಾಮಾನಿಗೆ ಸುಂಕ ತೆರುವ ಪ್ರಸಂಗ ಬಂದೀತು. ಬಿಡಿ ಲಿಥಿಯಂ ಬ್ಯಾಟರಿಗಳನ್ನು ವಿಮಾನದಲ್ಲಿ ಕೈಚೀಲದಲ್ಲಿಯೇ ಒಯ್ಯಬೇಕೆಂಬುದನ್ನೂ ಮರೆಯಬಾರದು.

ಕೇಳಬಾರದ್ದನ್ನು ಕೇಳುವ ಕಿವಿ

ಇಷ್ಟೆಲ್ಲ ಯಂತ್ರದ ಮಾತಾಯಿತು. ಎಲ್ಲಕ್ಕಿಂತ ಮುಖ್ಯವಾದ ಮಾತು ಯಂತ್ರದ್ದಲ್ಲ. ತಂತಿಯಿದ್ದ ಮೈಕಿನ ತೊಡಕು ಒಂದು ರೀತಿಯಲ್ಲಿ ಕಾವಲೂ ಆಗಿತ್ತು. ತಾನು ಮುದ್ರಣಕ್ಕೆ ಕುಳಿತಿದ್ದೇನೆಂಬ ಅರಿವು ಮಾತಾಡುವವರಿಗೆ ತಪ್ಪುತ್ತಿರಲಿಲ್ಲ. ನಿಸ್ತಂತು ಮೈಕು ಐದೇ ನಿಮಿಷದಲ್ಲಿ ಮರೆತುಹೋಗುತ್ತದೆ. ವಡೋದರೆಯ ಒಂದು ಮನೆಯಲ್ಲಿ ಎಂಬತ್ತು ದಾಟಿದ ತಾಯಿಯೊಬ್ಬರು ಮಾತಿನ ನಡುವೆ ‘ಕಾಫಿ ತರುತ್ತೇನಪ್ಪಾ, ಕೂತಿರಿ’ ಎಂದು ಒಳಗೆ ಹೋದರು. ಮೈಕು ಅವರೊಡನೆ ಹೋಯಿತು. ಅಡುಗೆಮನೆಯಲ್ಲಿ ಅವರು ಸೊಸೆಯೊಡನೆ ಮಗನ ಸಾಲದ ವಿಷಯ ತೆಗೆದರು. ಕಿವಿಗೆ ಯಂತ್ರ ಹಚ್ಚಿಕೊಂಡಿದ್ದ ತರುಣನು ಮೊದಲ ವಾಕ್ಯಕ್ಕೇ ಅದನ್ನು ಕಳಚಿ ಮುದ್ರಣ ನಿಲ್ಲಿಸಿದನು. ತಾಯಿ ಕಾಫಿಯೊಡನೆ ಬಂದಾಗ ‘ಅಮ್ಮಾ, ಒಳಗಿನ ಮಾತು ಕೇಳಿಸಿತು, ಅದನ್ನು ಅಳಿಸಿಬಿಡುತ್ತೇನೆ’ ಎಂದು ಮುಚ್ಚುಮರೆಯಿಲ್ಲದೆ ಹೇಳಿ, ಮೈಕಿನ ಹೊಟ್ಟೆಯೊಳಗಿನ ಪ್ರತಿಯಲ್ಲಿಯೂ ಆ ಭಾಗವನ್ನು ಅವರೆದುರಿಗೇ ಅಳಿಸಿದನು.

ಆ ತಾಯಿ ಒಂದು ಕ್ಷಣ ಸುಮ್ಮನಿದ್ದು, ‘ಹಾಗಾದರೆ ಇನ್ನು ನಿನಗೆ ಹೇಳಬಹುದು’ ಎಂದು ಕುಳಿತರು. ಮದುವೆಯಾಗಿ ಹುಬ್ಬಳ್ಳಿಯಿಂದ ರೈಲು ಹತ್ತಿ ಬಂದ ದಿನ, ಗುಜರಾತಿಯ ಒಂದು ಮಾತೂ ಬಾರದೆ ತರಕಾರಿಯವಳ ಮುಂದೆ ಕೈಸನ್ನೆ ಮಾಡಿದ್ದು, ತವರಿಗೆ ಬರೆದ ಕಾಗದಗಳಲ್ಲಿ ಸುಖವಾಗಿದ್ದೇನೆಂದು ಮಾತ್ರ ಬರೆಯುತ್ತಿದ್ದುದು, ಇವನ್ನೆಲ್ಲ ಮುಂದಿನ ಎರಡು ಗಂಟೆ ಹೇಳಿದರು. ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಮೊಮ್ಮಗಳು ಗುಜರಾತಿಯಲ್ಲಿ ‘ಅಜ್ಜೀ, ಇದನ್ನು ನನಗೇಕೆ ಎಂದೂ ಹೇಳಲಿಲ್ಲ?’ ಎಂದು ಕೇಳಿದಳು. ‘ನೀನು ಯಾವಾಗ ಕೇಳಿದೆ?’ ಎಂಬುದು ಅಜ್ಜಿಯ ಉತ್ತರ. ಅದು ಮಾತ್ರ ಕನ್ನಡದಲ್ಲಿತ್ತು. ಹುಡುಗಿಗೆ ಅರ್ಥವೂ ಆಯಿತು.

ಆದುದರಿಂದ ಇಂಥ ಕೆಲಸಕ್ಕೆ ಕೈಹಾಕುವವರು ಕೆಲವು ನಿಯಮಗಳನ್ನು ತಾವೇ ಹಾಕಿಕೊಳ್ಳುವುದು ಒಳ್ಳೆಯದು. ಮೈಕು ಸಿಕ್ಕಿಸುವಾಗಲೇ ಅದನ್ನು ಆರಿಸುವ ಗುಂಡಿಯನ್ನು ಧರಿಸುವವರಿಗೆ ತೋರಿಸಿಕೊಡಬೇಕು. ಅವರು ಕೋಣೆ ಬಿಟ್ಟು ಹೋದರೆ ಮುದ್ರಣ ನಿಲ್ಲಬೇಕು. ಮುಗಿದ ಮೇಲೆ ಒಮ್ಮೆ ಕೇಳಿಸಿ, ಬೇಡವೆಂದ ಭಾಗವನ್ನು ತೆಗೆಯಬೇಕು. ಒಂದು ಪ್ರತಿಯನ್ನು ಆ ಮನೆಗೇ ಕೊಡಬೇಕು. ಹೇಳಿದವರ ಊರು, ತಾರೀಖು, ಮಾತಿನಲ್ಲಿ ಬಂದ ಹೆಸರುಗಳನ್ನು ಒಂದು ಚೀಟಿಯಲ್ಲಿ ಬರೆದು ಅದರೊಡನೆ ಇಡಬೇಕು. ಚೀಟಿಯಿಲ್ಲದ ಮುದ್ರಣ ಇಪ್ಪತ್ತು ವರ್ಷಗಳ ಮೇಲೆ ವಿಳಾಸವಿಲ್ಲದ ಕಾಗದದಂತೆಯೇ ಸರಿ.

ನಮ್ಮ ಸಂಘಗಳು ರಾಜ್ಯೋತ್ಸವಕ್ಕೆ, ಗಣೇಶೋತ್ಸವಕ್ಕೆ ಚಪ್ಪರ ಹಾಕಿ ಧ್ವನಿವರ್ಧಕ ಕಟ್ಟಿಸುತ್ತವೆ, ಅದು ಸಲ್ಲತಕ್ಕದ್ದೇ. ಆ ಖರ್ಚಿನಲ್ಲಿ ಒಂದು ಪಾಲನ್ನು ತೆಗೆದಿರಿಸಿ, ಎರಡು ನಿಸ್ತಂತು ಮೈಕುಗಳನ್ನು ಸಂಘದ ಆಸ್ತಿಯಾಗಿ ಕೊಂಡು, ಸದಸ್ಯರ ಮನೆಗಳಿಗೆ ಸರದಿಯಂತೆ ಕೊಡುವ ಏರ್ಪಾಟು ಮಾಡಿದರೆ ಹೇಗೆ? ದೊಡ್ಡ ಚಿತ್ರತಂಡ ಬರಲಿ ಎಂದು ಕಾಯಬೇಕಾಗಿಲ್ಲ. ಮನೆಯ ಹುಡುಗ ಹುಡುಗಿಯರೇ ಭಾನುವಾರ ಬೆಳಿಗ್ಗೆ ಅಜ್ಜಿಯ ಎದುರು ಕುಳಿತು, ಪಂಖವನ್ನು ಆರಿಸಿ, ಫೋನನ್ನು ಎತ್ತಿ ದೂರವಿಟ್ಟು, ‘ನೀವು ಈ ಊರಿಗೆ ಬಂದ ದಿನ ಹೇಗಿತ್ತು?’ ಎಂದು ಕೇಳಲಿ. ಆ ಪ್ರಶ್ನೆಯನ್ನು ಕನ್ನಡದಲ್ಲಿ ಕೇಳಲು ಅವರು ಕಲಿತರೆ ಮೈಕಿನ ಬೆಲೆ ಅಲ್ಲಿಗೇ ಸಂದಿತು.